ಎಡಕ್ಕೆ ಎಳೆಯುತ್ತಿದ್ದ ಪಿಕಪ್

ಮುರಿದಿದ್ದ ಬಲಗೈ ಮೂಳೆ ಕೂಡಿದ ಮೇಲೆ ಚಿಕ್ಕಮ್ಮ ಮತ್ತೆ ಎಸ್ಟೇಟಿನ ಪಿಕಪ್ ಓಡಿಸತೊಡಗಿದ್ದರು. ಚೆಟ್ಟಳ್ಳಿಯ ತೋಟಗಳಿಗೆ ಕಾಫಿ ಕೊಯ್ಯುವ ಹೆಂಗಸರನ್ನು ಕರೆದೊಯ್ಯುವುದು ಅವರ ಕೆಲಸ. ಆದರೆ ಬ್ರೇಕ್ ಒತ್ತಿದಾಗಲೆಲ್ಲ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಚಕ್ರಗಳನ್ನು ನೇರ ಮಾಡುವ ಅಲೈನ್‌ಮೆಂಟ್ ಮಾಡಿಸಿದರೂ ಮತ್ತೆ ಅದೇ.

"ಅಕ್ಕಾ, ಗಾಡಿ ಇವತ್ತೂ ಚರಂಡಿ ಹುಡುಕ್ತಾ ಉಂಟಲ್ಲ," ಎಂದು ಹಿಂದೆ ಕೂತವರಲ್ಲಿ ಒಬ್ಬಾಕೆ ಛೇಡಿಸಿದಳಂತೆ. ಚಿಕ್ಕಮ್ಮ ಅಲ್ಲಿ ನಕ್ಕರು. ಮನೆಗೆ ಬಂದು ಮಣಿಕಟ್ಟು ನೀವಿಕೊಂಡರು.

"ತಪ್ಪು ಗಾಡಿದಲ್ಲ, ನನ್ನ ಕೈದು. ಜನ ಕೂರುವ ಗಾಡಿ ಅದು. ಶನಿವಾರ ಎಸ್ಟೇಟ್ ಆಫೀಸಿನ ರೈಟರ್‌ಗೆ ಕೀ ಕೊಟ್ಟುಬಿಡ್ತೇನೆ."

ಸ್ಟಿಯರಿಂಗ್ ಮುಂದೆ ಕೂತಾಗ ಅವರ ಮುಖ ಅರಳಿ ಬೇರೆಯೇ ಆಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಮಾರನೆಯ ದಿನ ಗೋಣಿಕೊಪ್ಪಲಿನ ಗ್ಯಾರೇಜಿಗೆ ಹೊರಟಾಗ ಅವರನ್ನು ಪಕ್ಕದಲ್ಲಿ ಕೂರಿಸಿ ಗಾಡಿ ನಾನೇ ಓಡಿಸಿದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಎಡಕ್ಕೆ ಎಳೆಯಿತು.

"ನನ್ನ ಕೈ ಮುರಿದಿಲ್ಲವಲ್ಲ, ಚಿಕ್ಕಮ್ಮ."

ಅವರು ಸ್ಟಿಯರಿಂಗ್ ಮೇಲಿದ್ದ ನನ್ನ ಕೈಗಳನ್ನೇ ನೋಡಿದರು.

ಗ್ಯಾರೇಜಿನಲ್ಲಿ, "ಅಲೈನ್‌ಮೆಂಟ್ ಆಮೇಲೆ, ಮೊದಲು ಕೆಳಗೆ ನೋಡಿ," ಎಂದೆ. ಮೆಕ್ಯಾನಿಕ್ ಗಾಡಿಯ ಮುಂಭಾಗ ಎತ್ತಿ ಸಲಾಕೆಯಿಂದ ಮೀಟಿದರು. ಎಡಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮ್ ಹಿಂದೆ ಮುಂದೆ ಆಡಿತು. ಅದರ ಬುಡದ ರಬ್ಬರ್ ಬುಷ್ ಹರಿದಿತ್ತು. ನಿಂತಾಗ ಚಕ್ರ ಸರಿಯಾಗಿಯೇ ಇರುತ್ತದೆ. ಬ್ರೇಕ್ ಬಿದ್ದಾಗ ಹಿಂದಕ್ಕೆ ಸರಿದು ವಾರೆಯಾಗುತ್ತದೆ. ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಚಕ್ರವನ್ನು.

"ಬಲಗಡೆದು ಚೆನ್ನಾಗೇ ಉಂಟು," ಎಂದರು ಅವರು. "ಅಕ್ಕ ಸೈಡ್ ಕೊಡೋದು ಜಾಸ್ತಿಯಾ?"

ನಮ್ಮ ತೋಟದ ರಸ್ತೆ ಒಂದೇ ಗಾಡಿಯ ಅಗಲ. ಎದುರು ಬದುರಾದರೆ ಯಾರಾದರೊಬ್ಬರು ಎಡಚಕ್ರಗಳನ್ನು ಟಾರಿನಿಂದ ಕಲ್ಲುಮಣ್ಣಿಗೆ ಇಳಿಸಬೇಕು. ಯಾವಾಗಲೂ ಇಳಿಸುವುದು ಚಿಕ್ಕಮ್ಮ; ಪೆಟ್ಟೆಲ್ಲ ಎಡಚಕ್ರಕ್ಕೇ.

"ಮತ್ತೇನು, ಲೋಡ್ ಹೊತ್ತು ಹತ್ತುವವರನ್ನು ಇಳಿಸ್ಲಿಕ್ಕೆ ಆಗ್ತದಾ?" ಎಂದರು ಚಿಕ್ಕಮ್ಮ.

ಬುಷ್ ಬದಲಾಯಿಸಿ, ಅಲೈನ್‌ಮೆಂಟ್ ಮುಗಿದ ಮೇಲೆ ಕೀಯನ್ನು ಅವರ ಕೈಗೆ ಕೊಟ್ಟೆ. ವಾಪಸ್ ಬರುವಾಗ ಇನ್ನೊಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದರು. ಗಾಡಿ ನೇರವಾಗಿ ನಿಧಾನವಾಯಿತು. ಅಗತ್ಯವಿಲ್ಲದಿದ್ದರೂ ಇನ್ನೊಮ್ಮೆ ಒತ್ತಿದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

"ಶನಿವಾರ ರೈಟರ್ ಹತ್ರ ಹೋಗೋದೇನೂ ಬೇಡ," ಎಂದರು.

ತೋಟದ ತಿರುವಿನಲ್ಲಿ ಮೂಟೆ ಹೇರಿದ ಜೀಪೊಂದು ಹತ್ತಿ ಬಂತು. ಚಿಕ್ಕಮ್ಮ ಎಡಕ್ಕೆ ತಿರುಗಿಸಿದರು. ಚಕ್ರ ದಡಕ್ಕನೆ ಮಣ್ಣಿಗಿಳಿಯಿತು.

"ಹೊಸ ಬುಷ್, ಚಿಕ್ಕಮ್ಮ."

"ಮೆಲ್ಲಗೇ ಇಳಿಸಿದ್ದು ಮಾರಾಯ್ತಿ," ಎಂದರು, ಜೀಪಿನವನಿಗೆ ಬಲಗೈ ಎತ್ತುತ್ತ.