ಫಿಲ್ಟರಿನ ಆಚೆ ಸಿಕ್ಕಿದ್ದು

ನಾನು ಮೀನು ಮಾರಿ ಬದುಕುವವ. ನಾತ ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ನನಗೇ ವಾಕರಿಕೆ ಬಂದ ಸಂಗತಿ ಇದು. ಸುಳ್ಳೆನ್ನುವವರು ನನ್ನ ಕಾರಿನಲ್ಲಿ ಎ.ಸಿ. ಹಾಕಿ ಐದು ನಿಮಿಷ ಕೂತು ನೋಡಲಿ.

ಹೋದ ಬೇಸಿಗೆಯಲ್ಲಿ ಶೋಕಿ ಹತ್ತಿ ಕಾರಿಗೆ ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದ್ದೆ. ತಣ್ಣನೆ ಗಾಳಿ ಸಿಗಲೆಂದು ಇಂಜಿನ್ ಉಸಿರೆಳೆಯುವ ಪೈಪನ್ನು ಕೆಳಗೆ ಬಂಪರಿನ ಹಿಂದಕ್ಕೆ ಇಳಿಸುತ್ತಾರೆ, ಅದರ ತುದಿಗೆ ಫಿಲ್ಟರ್. ಬೈಂದೂರಿನ ಮೆಕ್ಯಾನಿಕ್ ರಾಘಣ್ಣ ಮೊದಲೇ ಹೇಳಿದ್ದ, "ಮಳೆಗಾಲದಗೆ ಇದ್ ಬ್ಯಾಡ ಮಾರಾಯ. ಹೊಂಡದ್ ನೀರ್ ಸೀದಾ ಇಂಜಿನಿಗೆ ಹೋತ್." ನಾನು ನಕ್ಕಿದ್ದೆ. ಗಾಡಿ ಎಳೆಯುವಾಗ ಬರುವ ಆ ಸದ್ದಿಗೆ ಮರುಳಾಗಿದ್ದೆ ನೋಡಿ.

ಆಷಾಢದ ಒಂದು ರಾತ್ರಿ, ಎಂಟು ಗಂಟೆ ಇರಬಹುದು, ಅಮ್ಮನಿಗೆ ಉಬ್ಬಸ ಜೋರಾಯಿತು. ಬೇಗ ಕುಂದಾಪುರದ ಆಸ್ಪತ್ರೆಗೆ ಮುಟ್ಟಿಸದಿದ್ದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೆ. ಗುಯ್... ಗುಯ್... ಎನ್ನುವ ಅವಳ ಉಸಿರು, ಮೇಲೆ ಮಳೆ.

ತ್ರಾಸಿಯಲ್ಲಿ ಹೈವೇ ಸೇರುವ ನಮ್ಮ ಒಳರಸ್ತೆ ಗದ್ದೆನೀರಿನಲ್ಲಿ ಮುಳುಗಿತ್ತು. ಅಲ್ಲಿನ ನೀರಿಗೆ ರಸ್ತೆ ಬದಿಯ ದೈವದ ಕಟ್ಟೆಯ ಮೆಟ್ಟಿಲೇ ನಮ್ಮ ಅಳತೆ. ಎರಡು ಮೆಟ್ಟಿಲು ಕಂಡರೆ ಕಾರು ಹೋಗುತ್ತದೆ, ಒಂದೇ ಕಂಡರೆ ಹಿಂದೆ ತಿರುಗಬೇಕು. ಮೂರು ಕಂಡವು, ಧೈರ್ಯ ಬಂತು. ಆದರೆ ಬೇಸಿಗೆಯ ಜೀರ್ಣೋದ್ಧಾರದಲ್ಲಿ ಕಟ್ಟೆ ಎತ್ತರಿಸಿ ಮೇಲೆ ಎರಡು ಮೆಟ್ಟಿಲು ಕೂಡಿಸಿದ್ದರು. ಅದಕ್ಕೆ ಸಿಮೆಂಟು ಹೊತ್ತವರಲ್ಲಿ ನಾನೂ ಒಬ್ಬ. ಹಳೆಯ ಲೆಕ್ಕಕ್ಕೆ ಕಂಡದ್ದು ಒಂದೇ ಮೆಟ್ಟಿಲು ಎಂದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಅಷ್ಟರಲ್ಲಿ ಹೆಡ್‌ಲೈಟಿನ ಬೆಳಕಿಗೆ ಒಬ್ಬ ಕಂಡ. ಬರಿಮೈ, ತಲೆಗೆ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ, ಬಾಯಿ ತುಂಬ ಎಲೆಯಡಿಕೆ. ಕೆಂಪು ಜೊಲ್ಲು ಗಡ್ಡದಿಂದ ಎದೆಗೆ ಇಳಿಯುತ್ತಿತ್ತು, ಥೂ... ಒರೆಸಿಕೊಳ್ಳಲೂ ಇಲ್ಲ. ಬಾ ಎಂದು ಕೈಮಾಡಿ ಮುಂದೆ ನಡೆದ. ನೀರು ಅವನ ಪಾದದ ಗಂಟಿಗೂ ಬರಲಿಲ್ಲ. ಅವನ ಹಿಂದೆಯೇ ಕಾರು ಬಿಟ್ಟೆ.

ನಡುವೆ ಮುಟ್ಟಿದಾಗ ಅವನು ತಿರುಗಿ ಬಾನೆಟ್ಟಿನ ಮೇಲೆ ಪಿಚಕ್ಕನೆ ಉಗಿದ. ಇಂಜಿನ್ ಗೊಳಕ್ ಎಂದು ನಿಂತಿತು. ನೀರಿನಲ್ಲಿ ನಿಂತ ಗಾಡಿಯ ಕೀ ತಿರುಗಿಸಲೇಬಾರದು. ನಾನು ಎರಡು ಸಲ ತಿರುಗಿಸಿದೆ. ಒಳಗೆ ಏನೋ ಕಟಕ್ ಎಂದಿತು. ತಲೆ ಎತ್ತಿದರೆ ಎದುರು ಯಾರೂ ಇಲ್ಲ...

ಕಿಟಕಿ ಮುಚ್ಚಿದ್ದ ಕಾರಿನೊಳಗೆ ನಾತ ತುಂಬಿತು. ಜಗಿದ ಎಲೆಯಡಿಕೆ, ಹೊಗೆಸೊಪ್ಪು, ತಿಂಗಳಿಂದ ತೊಳೆಯದ ಬಾಯಿ. ಇದಕ್ಕಿಂತ ಕೊಳೆತ ಬೂತಾಯಿ ಮೀನೇ ವಾಸಿ. ಪಕ್ಕದಲ್ಲೇ ಯಾರೋ ಬಾಯಿ ತೆರೆದು ಉಸಿರು ಬಿಟ್ಟ ಹಾಗಿತ್ತು.

ಪುಣ್ಯಕ್ಕೆ ಹಿಂದಿನಿಂದ ಒಂದು ಲಾರಿ ಬಂತು. ಇಳಿದ ಡ್ರೈವರಿಗೆ ಅದೇ ಜಾಗದಲ್ಲಿ ನೀರು ತೊಡೆಯವರೆಗೆ. ಇಬ್ಬರೂ ಸೇರಿ ಅಮ್ಮನನ್ನು ಎತ್ತಿ ಲಾರಿಗೆ ಹತ್ತಿಸಿದೆವು. ಅವಳು ಉಳಿದಳು.

ಎರಡು ದಿನ ಬಿಟ್ಟು ರಾಘಣ್ಣ ಇಂಜಿನ್ ಬಿಚ್ಚಿದ. ನೀರು ಕುಡಿದು ಕನೆಕ್ಟಿಂಗ್ ರಾಡ್ ಬಾಗಿತ್ತು. ಅದು ನನ್ನ ಕರ್ಮ, ಒಪ್ಪಿಕೊಂಡೆ. ಆಮೇಲೆ ಫಿಲ್ಟರ್ ಕಳಚಿ, ಒಳಗಿನ ಪೈಪಿಗೆ ಬೆರಳು ಹಾಕಿದವನು ತಟ್ಟನೆ ಕೈ ಎಳೆದುಕೊಂಡ. ಬೆರಳಿಗೆ ಅಂಟಿ ಬಂದದ್ದು ಜಗಿದ ಎಲೆಯಡಿಕೆಯ ಉಂಡೆ. ಕೆಂಪಗೆ, ಲೋಳೆ ಲೋಳೆಯಾಗಿ, ಈಗಷ್ಟೇ ಬಾಯಿಂದ ತೆಗೆದಂತಿತ್ತು.

"ಫಿಲ್ಟರ್ ಎಲ್ಲೂ ಹರಿಲಿಲ್ಲೆ," ಎಂದ ಮೆಲ್ಲಗೆ. "ಸೊಳ್ಳೆಯೂ ದಾಟುದಿಲ್ಲೆ. ಇದ್ ಹ್ಯಾಂಗ್ ಒಳ್ಗ್ ಹೋಯ್ತ್?"

ನಾನು ಗ್ಯಾರೇಜಿನ ಹಿಂದೆ ಹೋಗಿ ವಾಂತಿ ಮಾಡಿದೆ.

ಆ ಪೈಪ್ ತೆಗೆಸಿ ಹಳೆಯ ಏರ್ ಬಾಕ್ಸನ್ನೇ ಮತ್ತೆ ಹಾಕಿಸಿದೆ. ಸೀಟು ತೊಳೆಸಿದೆ, ಎ.ಸಿ. ಬಿಚ್ಚಿ ತೊಳೆಸಿದೆ. ನಾತ ಹೋಗಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಎಲೆಯಡಿಕೆ ತಟ್ಟೆ ನೀಡಿದರೆ ಹೇಸಿಗೆಯಾಗಿ ಎದ್ದು ಹೋಗುತ್ತೇನೆ.

ಆ ಮುಟ್ಟಾಳೆಯವನ ಸುದ್ದಿ ಅಮ್ಮನಿಗೆ ಹೇಳಿರಲಿಲ್ಲ. ಹೆದರಿ ಮತ್ತೆ ಉಬ್ಬಸ ಎದ್ದರೆ ಎಂದು ಸುಮ್ಮನಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಗಂಜಿ ಉಣ್ಣುತ್ತಾ ಅವಳೇ ಕೇಳಿದಳು.

"ನಿನ್ ಬದಿ ಸೀಟಗೆ ಕೂಕಂಡ್ ಎಲಡ್ಕಿ ಜಗಿತಿದ್ನಲ ಮಗಾ, ಅಂವ ಎಲ್ ಇಳ್ದ?"

ಇಳಿದನೋ ಇಲ್ಲವೋ, ನನಗೂ ಗೊತ್ತಿಲ್ಲ. ಕಾರು ಓಡಿಸುವಾಗ ಈಗಲೂ ನಾನು ಎಡಕ್ಕೆ ತಿರುಗಿ ನೋಡುವುದಿಲ್ಲ.