ಬಾಡನ ರಜೆ ಅರ್ಜಿ

ಬಾಡನ ಕಥೆ ಹೇಳುವ ಯೋಗ್ಯತೆ ನನಗಿಲ್ಲ. ಅವನು ಹಾಳಾದದ್ದರಲ್ಲಿ ನನ್ನ ಕೈಯೂ ಇದೆ. ಆದರೆ ಬೇರೆ ಯಾರಿಗೂ ಅದು ಗೊತ್ತಿಲ್ಲವಲ್ಲ, ನಾನೇ ಹೇಳಬೇಕು.

ಅರಬರ ನಾಡಿನ ಅಲ್ ಖರ್ಜ್ ಹತ್ತಿರದ ರೈಲುಹಳಿ ಕ್ಯಾಂಪಿನಲ್ಲಿ ನಾನು, ಪುತ್ತೂರಿನ ಬ್ಯಾರಿ ಹಸನ್ ಕುಂಞಿ, ಗುಮಾಸ್ತ. ಬಾಡ ಬೆಳ್ತಂಗಡಿ ಕಡೆಯವನು. ಹಳಿಯ ಮೇಲೆ ಬಂದು ಬೀಳುವ ಮರಳನ್ನು ಸಲಿಕೆಯಲ್ಲಿ ಎಳೆದು ಹಾಕುವುದು ಅವನ ಕೆಲಸ. ಊರಿನಲ್ಲಿ ಅವರದು ಭೂತಕೋಲದಲ್ಲಿ ದೈವದ ವೇಷ ಕಟ್ಟಿ ನುಡಿ ಕೊಡುವ ಮನೆತನ. ಸೋದರಮಾವ ತೀರಿಕೊಂಡ ಮೇಲೆ ಕಾಲಿಗೆ ದೈವದ ಕಡಗವಾದ ಗಗ್ಗರ ಕಟ್ಟುವ ಹಕ್ಕು ಇವನಿಗೆ ಬಂದಿತ್ತು. ತೊಂಬತ್ತನಾಲ್ಕರಲ್ಲಿ ಕೋಲಕ್ಕೆ ದಿನ ನಿಗದಿಯಾಗಿ ಕಾಗದ ಬಂತು. ಇವನು ಹೋಗದಿದ್ದರೆ ಹಕ್ಕು ಬೇರೆ ಮನೆಗೆ.

ಕರಾರಿನ ನಡುವೆ ಕಂಪನಿ ರಜೆ ಕೊಡುತ್ತಿದ್ದದ್ದು ಹೆತ್ತವರು ಸತ್ತರೆ ಮಾತ್ರ.

“ಎಂತ ಬರೆಯುದು ಮಾರಾಯ? ದೈವ ಕರೆದಿದೆ ಅಂತ ಬರೆದರೆ ನಿನ್ನ ಜೊತೆ ನನ್ನನ್ನೂ ಓಡಿಸ್ತಾರೆ,” ಎಂದೆ. “ಅಮ್ಮ ತೀರಿಹೋದಳು ಅಂತ ಹಾಕುವ.”

“ಬೇಡ ಬ್ಯಾರಿಗಳೇ. ಅದೊಂದು ಬೇಡ.”

ನನಗೆ ಸಿಟ್ಟು ಬಂತು. ರಜೆಯೂ ಬೇಕು, ಕೈಗೆ ಮಸಿಯೂ ತಾಗಬಾರದು ಎಂದರೆ ಹೇಗೆ? ಗದರಿಸಿ, ಅವನ ಹೆಬ್ಬೆಟ್ಟು ಹಿಡಿದು ನಾನೇ ಒತ್ತಿಸಿದೆ.

ಹೋದ, ದೈವ ಕಟ್ಟಿದ, ಬಂದ. ಮುಖದಲ್ಲಿ ಅಷ್ಟು ಕಳೆ ನಾನು ಹಿಂದೆ ಕಂಡಿರಲಿಲ್ಲ. ಅಮ್ಮ ಕೊಟ್ಟದ್ದೆಂದು ನನಗೊಂದು ಕಟ್ಟು ಹಲಸಿನ ಹಪ್ಪಳ ತಂದಿದ್ದ. ಯಾರಿಗೂ ಹೇಳಬೇಡ ಎಂದು ನಕ್ಕು, ಕರಿದು ತಿಂದೆವು.

ತೊಂಬತ್ತಾರರ ಜುಲೈಯಲ್ಲಿ ತಂಗಿಯ ಟೆಲಿಗ್ರಾಂ: ಅಮ್ಮನಿಗೆ ಸೀಕು ಜೋರುಂಟು, ಬೇಗ ಬಾ. ಮ್ಯಾನೇಜರ್ ಫೈಲು ತೆಗೆದು ನೋಡಿ, ಇವನಿಗೆ ಎಷ್ಟು ಮಂದಿ ತಾಯಂದಿರು ಎಂದು ಕೇಳಿದ. ನಿಜ ಹೇಳಿದರೆ ಸುಳ್ಳು ಬರೆದ ನನ್ನ ಕೆಲಸ ಹೋಗುತ್ತಿತ್ತು. ಮದುವೆಯಾಗದ ಮೂವರು ಹೆಣ್ಣುಮಕ್ಕಳು ನನಗೆ. ಬಾಯಿ ಬಿಡಲಿಲ್ಲ. ಹೇಡಿ ನಾನು. ಅವನ ಪಾಸ್‌ಪೋರ್ಟ್ ಕಂಪನಿಯ ಬೀರುವಿನಲ್ಲೇ ಉಳಿಯಿತು.

ಒಂಬತ್ತು ದಿನಕ್ಕೆ ಎರಡನೆಯ ಟೆಲಿಗ್ರಾಂ ಬಂತು. ನಾನೇ ಓದಿ ಹೇಳಬೇಕಾಯಿತು. ಹಳಿಯ ಬದಿಯಲ್ಲಿ ಸಲಿಕೆ ಊರಿ ನಿಂತು ಕೇಳಿದ. ಅಳಲಿಲ್ಲ.

“ತಪ್ಪು ನನ್ನದು ಬಾಡ,” ಎಂದೆ.

“ನಿಮ್ಮದೆಂತದು? ಗಗ್ಗರ ಕಟ್ಟುವವ ಹೇಳಿದ್ದು ಆಗಿಯೇ ಆಗ್ತದೆ ಅಂತ ನಮ್ಮಲ್ಲಿ ಉಂಟು. ಅಮ್ಮ ಸತ್ತಳು ಅಂತ ಹೇಳಿದ್ದು ನಾನು. ದೈವ ಎರಡು ವರ್ಷ ಕಾದದ್ದೇ ದೊಡ್ಡದು.”

ಮುಂದಿನ ವರ್ಷ ರಜೆ ಸಿಕ್ಕಿದರೂ ಅವನು ಊರಿಗೆ ಹೋಗಲಿಲ್ಲ. ಇನ್ನು ತನ್ನ ಬಾಯಿಯಿಂದ ದೈವ ಮಾತಾಡುವುದು ಬೇಡವೆಂದು, ಹಕ್ಕನ್ನು ಬೇರೆ ಮನೆಗೆ ಬಿಟ್ಟುಕೊಟ್ಟು ಕಾಗದ ಬರೆಸಿದ. ಅದನ್ನು ಬರೆದವನೂ ನಾನೇ.