ಕಹಳೆ ನುಂಗಿದ ಮಾತ್ರೆ

ಇಸ್ತ್ರಿ ಅಕ್ಕನಿಗೆ ಆರು ದಿನದ ಕೂಲಿ ಇನ್ನೂ ಬರಬೇಕು.

ಲಾಂಡ್ರಿಯಲ್ಲಿ ಹಾಸುಬಟ್ಟೆ ಒತ್ತುವ ಬಿಸಿ ರೋಲರಿನ ಮುಂದೆ ಹನ್ನೆರಡು ವರ್ಷ ನಿಂತವಳು ಆಕೆ. ಮನೆಯಲ್ಲಿ ಅತ್ತೆ ಒಬ್ಬಳೇ. ಕಿವಿ ಮಂದ, ಬಾಯಿ ಚುರುಕು. ಎರಡು ತಿಂಗಳ ಹಿಂದೆ ಅಕ್ಕನಿಗೆ ಎರಡು ಸಲ ಫಿಟ್ಸ್ ಬಂತು. ಡಾಕ್ಟರು ಕ್ಲೋನಜೆಪಾಮ್ ಬರೆದರು. ಫಿಟ್ಸಿಗೂ, ಹದ್ದು ಮೀರಿದ ಗಾಬರಿಗೂ ಕೊಡುವ ಮಾತ್ರೆ ಅದು.

"ತೂಕಡಿಕೆ ಬರುತ್ತೆ. ನಾನು ಹೇಳೋವರೆಗೆ ಮಿಷನ್ ಹತ್ರ ಹೋಗ್ಬೇಡಮ್ಮ. ನನ್ನ ಕೇಳದೆ ದಿಢೀರಂತ ನಿಲ್ಲಿಸಲೂಬೇಡ, ಫಿಟ್ಸ್ ತಿರುಗಿ ಬರುತ್ತೆ."

ಅಕ್ಕ ಮಾಲೀಕನ ಬಳಿ ಹೋಗಿ ಬಟ್ಟೆ ಮಡಚುವ ಮೇಜಿನ ಕೆಲಸ ಕೇಳಿದಳು. "ತೂಕಡಿಸೋರಿಗೆ ಕೂಲಿ ಕೊಡೋಕೆ ನಾನೇನು ಜೋಗುಳ ಹಾಡ್ತಾ ಕೂತಿದೀನಾ?" ಎಂದು ಆತ ಆರು ದಿನ ಮನೆಗೆ ಅಟ್ಟಿ, ಕೂಲಿಗೂ ಕತ್ತರಿ ಹಾಕಿದ.

ನಮ್ಮ ಲಾಂಡ್ರಿ ಕೆಲಸಗಾರರ ಸಂಘದ ಮುಂದಾಳು, ನಾವೆಲ್ಲ ಕಹಳೆ ಎಂದು ಕರೆಯುವವನು, ಮಾತುಕತೆಗೆ ಹೊರಟ. ಬೀದಿಯಲ್ಲಿ ಘೋಷಣೆ ಕೂಗಿದರೆ ಎದುರು ಮನೆಯ ಕಿಟಕಿ ಅದುರಬೇಕು, ಅಂಥ ಗಂಟಲು. ಮಾಲೀಕನ ಕೋಣೆಯ ಬಾಗಿಲಲ್ಲಿ ಮಾತ್ರ ಹುಲಿ ಇಲಿಯಾಗುತ್ತಿತ್ತು.

"ಅಕ್ಕಾ, ನಿನ್ನ ಮಾತ್ರೆ ಒಂದು ಕೊಡಕ್ಕಾ. ಕೈ ನಡುಗ್ತಿದೆ."

"ಪೆಪ್ಪರ್‌ಮೆಂಟು ಅಂದ್ಕೊಂಡ್ಯಾ? ನನ್ನ ಮೈಗೆ ಬರೆದಿದ್ದು. ನಿನ್ನ ನಡುಕ ನೀನೇ ಹೋಗಿ ಡಾಕ್ಟರಿಗೆ ತೋರಿಸು."

"ಸಂಘದಲ್ಲಿ ನಿಂದು ನಂದು ಅಂತ ಇದೆಯೇನಕ್ಕಾ?"

"ಹಾಗಾದ್ರೆ ಆ ಹೊಸ ಚಪ್ಪಲಿ ಬಿಚ್ಚಿ ಕೊಡು!"

ಚಪ್ಪಲಿ ಬಿಚ್ಚಲಿಲ್ಲ. ಅಕ್ಕ ಮುಖ ತೊಳೆಯಲು ಹೋದಾಗ ಅವಳ ಚೀಲಕ್ಕೆ ಕೈಹಾಕಿ ಒಂದು ಮಾತ್ರೆ ನುಂಗಿದ. ಗಂಟಲು ಸರಿಯಿರಲಿ ಎಂದು ಅದಕ್ಕೂ ಮೊದಲೇ ಎಲ್ಲರ ಮುಂದೆ ಅರ್ಧ ಬಾಟಲಿ ಕೆಮ್ಮಿನ ಸಿರಪ್ ಇಳಿಸಿದ್ದ.

ಮಾತುಕತೆ ಶುರುವಾಗಿ ಅರ್ಧ ಗಂಟೆಯಾಗಿತ್ತು. ಅಕ್ಕನೂ ನಾವೂ ಬಾಗಿಲಲ್ಲಿ ನಿಂತಿದ್ದೆವು. ಕಹಳೆ ಅರೆಗಣ್ಣಲ್ಲಿ ಮಾಲೀಕನನ್ನೇ ನೋಡುತ್ತಿದ್ದ. ತುಟಿ ಪಿಟಕ್ಕೆನ್ನಲಿಲ್ಲ.

"ಒಂದು ದಿನದ್ದು ಕೊಡ್ತೀನಿ," ಎಂದ ಮಾಲೀಕ. ಸದ್ದಿಲ್ಲ.

"ಎರಡು." ಕಹಳೆಯ ಗದ್ದ ನಿಧಾನಕ್ಕೆ ಎದೆಗಿಳಿಯಿತು.

"ಆಯ್ತಪ್ಪಾ, ನಾಲ್ಕು! ಹಾಗೆ ಗುರಾಯಿಸ್ಬೇಡ!" ಮಾಲೀಕ ಬೆವರು ಒರೆಸಿಕೊಂಡ. "ಆರು! ಪೂರಾ ಆರು ತಗೊಂಡು ಹೋಗು ಮಾರಾಯಾ!"

ಉತ್ತರವಾಗಿ ಬಂದದ್ದು ಗೊರಕೆ. ಹಿಂದೆಯೇ ಹಣೆ ಟೀ ಕಪ್ಪಿನ ಮೇಲೆ ಬಿತ್ತು. ಮಾಲೀಕನಿಗೆ ಗುಟ್ಟು ತಿಳಿಯಿತು; ಆರು ಸೊನ್ನೆಯಾಯಿತು.

ನಾವು ನಗುತ್ತಿದ್ದೆವು. ಅಕ್ಕ ಮಾತ್ರ ಚೀಲ ತೆರೆದು ಮಾತ್ರೆಯ ಪಟ್ಟಿ ನೋಡಿದಳು. ಒಂದು ಗುಳಿ ಹೆಚ್ಚಿಗೆ ಖಾಲಿ.

"ಹಲ್ಲು ಕಿರಿಯೋದು ಬಿಡ್ರೋ! ಸಿರಪ್ಪೂ ಕುಡಿದಿದಾನೆ, ಎರಡೂ ಸೇರಿದ್ರೆ ಉಸಿರೇ ಕಟ್ಟುತ್ತೆ. ಎತ್ರಿ!"

ಮುಂದಾಳನ್ನು ಕೊಳೆ ಬಟ್ಟೆಯ ತಳ್ಳುಗಾಡಿಯಲ್ಲಿ ಮಗ್ಗುಲಾಗಿ ಮಲಗಿಸಿ ಪಕ್ಕದ ಬೀದಿಯ ಆಸ್ಪತ್ರೆಗೆ ಓಡಿದೆವು. ಸಂಘ ಕಟ್ಟಿದಾಗಿನಿಂದ ಇಷ್ಟು ಒಗ್ಗಟ್ಟಿನ ಮೆರವಣಿಗೆ ನಡೆದಿರಲಿಲ್ಲ. ಸಂಜೆಯವರೆಗೆ ಅವನ ಉಸಿರು ಕಾದ ಡಾಕ್ಟರು, ಅಕ್ಕನ ಮಾತ್ರೆ ಒಂದು ಹೊತ್ತೂ ತಪ್ಪಬಾರದೆಂದು ಹೊಸ ಚೀಟಿ ಬರೆದುಕೊಟ್ಟರು.

ಕಹಳೆ ಕಣ್ಣುಬಿಟ್ಟು, "ಗೆದ್ವಾ?" ಎಂದ.

"ಗೆದ್ದಿದ್ವಿ ಕಣೋ ಪುಣ್ಯಾತ್ಮ. ನೀನು ಗೊರಕೆ ಹೊಡೆಯೋವರೆಗೆ!"

ಮರುದಿನ ಅಕ್ಕ ಮಿಷನ್ ಕೆಲಸ ಕೊಡಬಾರದೆಂದು ಡಾಕ್ಟರು ಬರೆದ ಪತ್ರ ಹಿಡಿದು ಒಬ್ಬಳೇ ಮಾಲೀಕನ ಕೋಣೆಗೆ ಹೋದಳು. ನೆಟ್ಟಗೆ ನಿಂತು ಪೂರ್ತಿ ಓದಿದಳು. ಮಡಚುವ ಮೇಜು ಸಿಕ್ಕಿತು. ಕೂಲಿಗೆ ಮಾಲೀಕ "ನೋಡೋಣ" ಎಂದ. ಇನ್ನೂ ನೋಡುತ್ತಲೇ ಇದ್ದಾನೆ.

ಅವಳು ಮಡಚಿದ ಹಾಸುಬಟ್ಟೆಯ ಮೇಲೆ ಮಲಗುವವರೇ, ಇನ್ನೊಬ್ಬರ ಮಾತ್ರೆಗೆ ಕೈ ಹಾಕಬೇಡಿ. ನಾಳೆ ಬಟ್ಟೆ ತರಲು ಹೋದಾಗ ಎಚ್ಚರವಾಗಿ ನಿಂತು ಜೋರಾಗಿ ಕೇಳಿ: ಅಕ್ಕನ ಆರು ದಿನದ ಕೂಲಿ ಎಲ್ಲಿ?